ಪ್ಲಾಸ್ಟಿಕ್ ಹೊದ್ದ ಖುರ್ಚಿ ಮತ್ತು ನನ್ನ ದವಡೆಹಲ್ಲು

ನನ್ನ ಬಲದವಡೆಯ ಹಲ್ಲನ್ನು ಕಳೆದವರು ನೀವು. ಇಕ್ಕಳ ಹಿಡಿದ ಕೈ ದಂತವೈದ್ಯರದು, ನಿಜ. ಆದರೆ ಆ ಕೈಗೆ ಇಕ್ಕಳದ ಹೊರತು ಬೇರೆ ದಾರಿ ಉಳಿಯದಂತೆ ಮಾಡಿದ ಹೊಣೆ ಪೂರ್ತಿಯಾಗಿ ನಿಮ್ಮದು. ಇದನ್ನು ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದು ನೋಡಿದೆ, ಅದು ಇಳಿಯಲಿಲ್ಲ.

ನೀವು ಎಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಒಂದೊಂದು ದಂತ ಚಿಕಿತ್ಸಾ ಕೇಂದ್ರವನ್ನು ನಡೆಸುತ್ತಿರುವ ಧರ್ಮಾರ್ಥ ಸಂಸ್ಥೆಯ ಆಡಳಿತ ಮಂಡಳಿಯ ಹಿರಿಯರು. ಸಂಸ್ಥೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಕೆಲಸವನ್ನು ಮೂರೂ ಊರುಗಳ ಗೋಡೆಗಳ ಮೇಲೆ ನೀವೇ ಬೇಕಾದಷ್ಟು ದೊಡ್ಡ ಅಕ್ಷರಗಳಲ್ಲಿ ಮಾಡಿಸಿದ್ದೀರಿ. ಬಡವರ ಹಲ್ಲಿನ ಆರೋಗ್ಯವೇ ನಿಮ್ಮ ದಾಸೋಹವೆಂದು ಆ ಗೋಡೆಗಳು ಸಾರುತ್ತವೆ. ಮೂರು ಕೇಂದ್ರಗಳಿಗೆ ಇರುವ ವೈದ್ಯರು ಒಬ್ಬರೇ ಎಂಬುದನ್ನು ಮಾತ್ರ ಯಾವ ಗೋಡೆಯೂ ಸಾರುವುದಿಲ್ಲ. ಅದು ರೋಗಿಗಳು ಬಸ್ಸಿನ ಟಿಕೀಟು ತೆಗೆಸಿ ತಾವಾಗಿಯೇ ಕಂಡುಕೊಳ್ಳಬೇಕಾದ ಸತ್ಯ.

ನಾನು ಅದನ್ನು ಕಂಡುಕೊಂಡ ಬಗೆ ಹೀಗೆ.

ಭಾದ್ರಪದದ ಒಂದು ಮಧ್ಯಾಹ್ನ, ಗೋಕಾಕದ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಖಡಕ್ ರೊಟ್ಟಿಯ ಚೂರೊಂದು ಬಲದವಡೆಯಲ್ಲಿ ಸಿಕ್ಕಿಕೊಂಡಿತು, ಅದರೊಡನೆ ಹಲ್ಲಿನ ಒಂದು ಮೂಲೆಯೂ ಕಳಚಿ ತಟ್ಟೆಗೆ ಬಿತ್ತು. ಮೊದಲಿಗೆ ಅದು ಹಿಟ್ಟಿನಲ್ಲಿದ್ದ ಹರಳೆಂದುಕೊಂಡೆ. ತಣ್ಣೀರು ಕುಡಿದಾಗ, ಹರಳಲ್ಲವೆಂಬುದು ಕಿವಿಯ ತನಕ ತಿಳಿಯಿತು. ಊರಿನವರಿಗೆ ಮಾತ್ರ ಇದನ್ನು ತಿಳಿಸುವುದು ಕಷ್ಟವಾಯಿತು. ಗೋಕಾಕದಲ್ಲಿ ಹಲ್ಲು ಮುರಿದರೆ ಅದಕ್ಕೆ ಊರಿನ ಹೆಸರಾಂತ ಗಟ್ಟಿ ಸಿಹಿತಿಂಡಿಯೊಂದೇ ಕಾರಣವೆಂದು ಎಲ್ಲರೂ ನಂಬಿದ್ದಾರೆ. ಕೆನ್ನೆ ಹಿಡಿದುಕೊಂಡು ಹೊರಗೆ ಕಾಲಿಟ್ಟರೆ ಸಾಕು, ಔಷಧದ ಅಂಗಡಿಯವನಿಂದ ಬಾಜೂ ಮನೆಯ ಕಾಕುವಿನವರೆಗೆ ಎಲ್ಲರೂ ನಕ್ಕು ಕೇಳುವುದು ಅದನ್ನೇ: ಕರದಂಟು ತಿಂದೆಯಾ? ಇಲ್ಲ, ರೊಟ್ಟಿ ಎಂದರೆ ಅವರಿಗೆ ನಿರಾಸೆಯಾಗುತ್ತಿತ್ತು. ಕೊನೆಕೊನೆಗೆ ಹೌದೆಂದು ತಲೆಯಾಡಿಸಿ ಮುಂದೆ ಹೋಗುವುದನ್ನು ಕಲಿತೆ.

ನಮ್ಮ ಮನೆಯ ಹೆಂಗಸರಿಗೂ ಹಲ್ಲಿಗೂ ಇರುವ ಸಂಬಂಧವನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಒಂದು ಹಲ್ಲಿಗಾಗಿ ಇಷ್ಟು ದೊಡ್ಡ ರಂಪವೇಕೆಂದು ನೀವು ಕೇಳುತ್ತೀರಿ. ನಮ್ಮ ಆಯಿಗೆ, ಅಂದರೆ ತಂದೆಯ ತಾಯಿಗೆ, ಈಗ ಬಾಯಲ್ಲಿ ಒಂದೂ ಹಲ್ಲಿಲ್ಲ. ಅವ್ವನಿಗೆ ನನ್ನಷ್ಟು ವಯಸ್ಸಾಗಿದ್ದಾಗಲೇ ಹಿಂದಿನ ದವಡೆಹಲ್ಲುಗಳು ಒಂದೊಂದಾಗಿ ಹೋಗತೊಡಗಿದ್ದವು. ನೋವು ಬಂದರೆ ಕೀಳಿಸುವುದು, ಕೀಳಿಸಿದ ಮೇಲೆ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಹಾಕಿ ತಿನ್ನುವುದು. ಚಿಕಿತ್ಸೆಯೆಂದರೆ ಇಷ್ಟೇ ಎಂದು ಅವರು ತಿಳಿದಿದ್ದರು, ಏಕೆಂದರೆ ಬೇರೊಂದನ್ನು ಯಾರೂ ಅವರಿಗೆ ತೋರಿಸಿರಲಿಲ್ಲ. ಮನೆಯ ಗಂಡಸರು ಖಡಕ್ ರೊಟ್ಟಿಯನ್ನು ಸಪ್ಪಳ ಮಾಡಿ ತಿನ್ನುವಾಗ ಅಡಿಗೆಮನೆಯಲ್ಲಿ ಹೆಂಗಸರು ನೆನೆದ ರೊಟ್ಟಿಯನ್ನು ಸದ್ದಿಲ್ಲದೆ ನುಂಗುವುದನ್ನು ನೋಡುತ್ತಲೇ ನಾನು ಬೆಳೆದೆ. ಧಾರವಾಡಕ್ಕೆ ಓದಲು ಹೋಗುವಾಗ ಅವ್ವ ನನ್ನಿಂದ ಬೇರೆ ಯಾವ ಮಾತನ್ನೂ ಪಡೆಯಲಿಲ್ಲ. ಚೆನ್ನಾಗಿ ಓದು ಎಂದು ಕೂಡ ಹೇಳಲಿಲ್ಲ. ಹೇಳಿದ್ದಿಷ್ಟೇ:

"ಏನರ ಆಗ್ಲಿ, ಹಲ್ಲ ಕೀಳಸಬ್ಯಾಡ. ನಮ್ಮಂಗ ನೆನಿಸಿದ ರೊಟ್ಟಿ ತಿನ್ನಾಕ ಇನ್ನೂ ಭಾಳ ಟೈಮ್ ಐತಿ ನಿನಗ."

ಹೀಗಾಗಿ ಈ ಹಲ್ಲನ್ನು ಉಳಿಸಿಕೊಳ್ಳುವುದು ನನಗೆ ಹಟದ ವಿಷಯವಾಗಿತ್ತು.

ಖಾಸಗಿ ದಂತವೈದ್ಯರಲ್ಲಿಗೆ ಹೋಗಬಹುದಿತ್ತಲ್ಲ ಎನ್ನುವಿರಿ. ಹೋಗಿದ್ದೆ. ಬೇರಿನವರೆಗೆ ಸ್ವಚ್ಛಮಾಡಿ ತುಂಬಿಸಿ, ಮೇಲೊಂದು ಕವಚ ತೊಡಿಸಲು ಅವರು ಹೇಳಿದ ಮೊತ್ತ ನನ್ನಂಥ ಅತಿಥಿ ಉಪನ್ಯಾಸಕಿಯೊಬ್ಬಳ ಪಗಾರಕ್ಕೆ ನಿಲುಕುವಂಥದಾಗಿರಲಿಲ್ಲ. ಆ ಪಗಾರವಾದರೂ ಕೈಗೆ ಬರದೆ ಬಹಳ ಕಾಲವಾಗಿತ್ತು. ನಿಮ್ಮ ಗೋಡೆಬರಹವನ್ನು ನಂಬಿ ಬರುವವರೆಲ್ಲ ನನ್ನಂಥವರೇ, ಅಥವಾ ನನಗಿಂತ ಕಡಿಮೆ ಇರುವವರು.

ನಿಮ್ಮ ಗೋಕಾಕದ ಕೇಂದ್ರಕ್ಕೆ ಹೋದ ಮೊದಲ ದಿನ, ಬಾಗಿಲ ಬಳಿ ಕುಳಿತಿದ್ದ ಹೆಂಗಸು ಮೊಬೈಲಿನಿಂದ ತಲೆಯೆತ್ತದೆ, ಡಾಕ್ಟರು ಇವತ್ತು ಹುಕ್ಕೇರಿಯಲ್ಲಿದ್ದಾರೆ ಎಂದಳು. ನಾಳೆ? ನಾಳೆಯೂ ಹುಕ್ಕೇರಿ. ಇಲ್ಲಿಗೆ ಯಾವಾಗ? ಅದನ್ನು ಹೇಳಲಿಕ್ಕಾಗದು, ಬಂದಾಗ ಬರುತ್ತಾರೆ. ಬೋರ್ಡಿನ ಮೇಲೆ ದಿನ ಬರೆದುಹಾಕಬಹುದಲ್ಲ ಎಂದೆ. ಬರೆದಿದ್ದೆವು, ಜನ ಅದನ್ನು ಓದಿಕೊಂಡು ಬಂದು ಜಗಳ ತೆಗೆಯುತ್ತಿದ್ದರು, ಅದಕ್ಕೇ ಅಳಿಸಿಬಿಟ್ಟೆವು ಎಂದು ವಿವರಿಸಿದಳು. ಇಂಥ ಆಡಳಿತ ಚಾತುರ್ಯವನ್ನು ನಾನು ವಿಶ್ವವಿದ್ಯಾಲಯದಲ್ಲಿಯೂ ಕಂಡಿರಲಿಲ್ಲ. ತಪ್ಪನ್ನು ತಿದ್ದುವುದಕ್ಕಿಂತ ಅದು ಕಾಣುವ ಜಾಗವನ್ನು ಒರೆಸುವುದು ಸುಲಭ ನೋಡಿ.

ಕಡೆಗೂ ವೈದ್ಯರು ಸಿಕ್ಕರು. ನನಗಿಂತ ಸ್ವಲ್ಪವೇ ಹಿರಿಯರು. ಕಣ್ಣಿನ ಕೆಳಗೆ ಬಸ್ಸಿನ ನಿದ್ದೆ. ಹಲ್ಲನ್ನು ತಟ್ಟಿ, ಎಕ್ಸ್-ರೇ ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು ನೋಡಿದ ಅವರು ಇದು ಉಳಿಯುತ್ತದೆ ಎಂದು ಒಂದಿಷ್ಟೂ ಅನುಮಾನವಿಲ್ಲದೆ ಹೇಳಿದರು. ಬೇರಿನೊಳಗಿನ ಕೊಳೆ ತೆಗೆದು ತುಂಬಬೇಕು, ತಡ ಮಾಡಬಾರದು. ಆದರೆ ಗೋಕಾಕದ ಹಳೆಯ ಖುರ್ಚಿಯಲ್ಲಿ ಅದು ಸಾಧ್ಯವಿಲ್ಲ. ಅದರ ಕೊರೆಯುವ ಯಂತ್ರ ಎಂದೋ ನಿಂತುಹೋಗಿದೆ, ನೀರಿನ ನಳಿಗೆಯಲ್ಲಿ ನೀರು ಬರುವುದಿಲ್ಲ. ಹುಕ್ಕೇರಿಯ ಖುರ್ಚಿಯ ಕಥೆಯೂ ಅದೇ. ಹೊಸ ಖುರ್ಚಿ, ಎಲ್ಲ ಯಂತ್ರಗಳ ಸಮೇತ, ಮೂಡಲಗಿಗೆ ಬಂದು ಇಳಿದಿದೆ.

"ಹಂಗಾರ ನಾನು ಮೂಡಲಗಿಗೇ ಬರತೇನಿ. ಯಾವತ್ತ ಬರಲ್ರಿ?" ಎಂದು ಕೇಳಿದೆ.

ಅವರು ಕೈಗವಸನ್ನು ನಿಧಾನವಾಗಿ ಬಿಚ್ಚಿದರು. "ಉದ್ಘಾಟನಾ ಆಗಬೇಕಲ್ರಿ. ಅದೊಂದ ಆಗ್ಲಿ, ಮೊದಲನೇ ಪೇಶಂಟ್ ನೀವ."

ನಾನು ಹಿಗ್ಗಿದೆ. ಉದ್ಘಾಟನೆಯೆಂದರೆ ಒಂದು ರಿಬ್ಬನ್ನು, ಒಂದು ಕತ್ತರಿ, ನಾಲ್ಕು ಭಾಷಣ. ಕತ್ತರಿ ಸಿಗದ ಊರೇ ಮೂಡಲಗಿ?

ಆಮೇಲೆ ಕಾಯುವಿಕೆ ಶುರುವಾಯಿತು. ಗುಳಿಗೆ ನುಂಗಿದಾಗ ನೋವು ಬಾಗಿಲಾಚೆ ನಿಲ್ಲುತ್ತಿತ್ತು, ಗುಳಿಗೆಯ ಕಾವು ಇಳಿದೊಡನೆ ಚಪ್ಪಲಿ ಕಳಚದೆ ಒಳಗೆ ಬರುತ್ತಿತ್ತು. ತರಗತಿಯಲ್ಲಿ ಎಡಗಡೆಯಿಂದಷ್ಟೇ ಬಾಯಿ ತೆರೆದು ಪಾಠ ಹೇಳಿದೆ. ಹಿಂದಿನ ಬೆಂಚಿನವರು ನನ್ನಂತೆಯೇ ಬಾಯಿ ಓರೆ ಮಾಡಿ ಮಾತಾಡಿಕೊಳ್ಳುವುದೂ ಕಾಣುತ್ತಿತ್ತು. ಹೆಚ್ಚು ಸ್ವರವೆತ್ತಿದರೆ ಗಾಳಿ ತಾಗುತ್ತಿತ್ತು, ಆದ್ದರಿಂದ ಗದರಿಸಲೂ ಆಗಲಿಲ್ಲ. ಮನೆಯಲ್ಲಿ ಲವಂಗ ತೀರಿತು. ಬಿಸಿ ಉಪ್ಪುನೀರು, ಅಜವಾನದ ಪೊಟ್ಟಣ, ಪೇರಲ ಎಲೆಯ ಕಷಾಯ ಎಲ್ಲವೂ ಆಯಿತು. ಬಾಜೂ ಮನೆಯ ಕಾಕು ಹಲ್ಲಿಗೆ ಹುಳ ಬಿದ್ದಿದೆಯೆಂದು ತೀರ್ಪು ಕೊಟ್ಟು, ಹೊಗೆ ಹಾಕಿ ಹುಳ ಉದುರಿಸುವವನೊಬ್ಬ ಗೋಕಾಕ ಫಾಲ್ಸಿನ ಕಡೆ ಇದ್ದಾನೆಂದಳು. ಅವನು ತೆಗೆದು ತೋರಿಸುವ ಹುಳಗಳು ಅವನ ಕೈಯೊಳಗಿನವೇ ಎಂದು ನಾನು ಹೇಳಿದ್ದಕ್ಕೆ, ಓದಿದವರಿಗೆ ಹುಳವೂ ಕಾಣುವುದಿಲ್ಲ ಎಂದು ಮುನಿಸಿಕೊಂಡು ಎದ್ದುಹೋದಳು. ಈಗ ನೆನೆದರೆ, ಆ ಹುಳದವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವನು ಕನಿಷ್ಠ ಹೇಳಿದ ಜಾಗದಲ್ಲಿ ಸಿಗುತ್ತಾನೆ.

ಒಂದು ಸಂಜೆ ಆಯಿ ತನ್ನ ತಗಡಿನ ಡಬ್ಬಿ ತಂದು ಮುಂದಿಟ್ಟಳು. ಅದರಲ್ಲಿದ್ದದ್ದು ಮಿಶ್ರಿ, ತಂಬಾಕನ್ನು ಹೆಂಚಿನ ಮೇಲೆ ಕರ‍್ರಗೆ ಹುರಿದು ಮಾಡಿದ ಪುಡಿ. ನಮ್ಮ ಕಡೆಯ ಹಳೆಯ ಹೆಂಗಸರು ಹಲ್ಲುಜ್ಜುವ ನೆಪದಲ್ಲಿ ಅದನ್ನು ಒಸಡಿಗೆ ತಿಕ್ಕಿ, ನೆಪವಿಲ್ಲದೆಯೂ ತಿಕ್ಕಿ, ಕಡೆಗೆ ಹಲ್ಲು ಉದುರಿದ ಮೇಲೂ ತಿಕ್ಕುತ್ತಾರೆ. ನಾನು ಬೇಡವೆಂದೆ.

"ನಾ ಬಾಯಿತುಂಬ ಹಲ್ಲ ಕೊಟ್ಟ ಕುಂತೇನಿ, ಒಂದ ದಿನಾನೂ ಅತ್ತಿಲ್ಲ," ಎಂದಳು ಆಯಿ. "ನೀ ಒಂದ ಹಲ್ಲಿಗೆ ಮೂರ ಊರ ಎಬ್ಬಿಸಿದೆವ್ವಾ."

ಅವಳು ಹಾಗೆ ಹೇಳುವಾಗ ಅವಳ ಬೋಳು ಒಸಡು ನಗುತ್ತಿತ್ತು. ಮಿಶ್ರಿಯೇ ಆ ಬಾಯಿಯನ್ನು ಬರಿದು ಮಾಡಿದ್ದೆಂದು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಅಷ್ಟು ಹೊತ್ತಿಗೆ ನೋವು ಕಣ್ಣಿನ ಹಿಂದಕ್ಕೆ ಏರಿತ್ತು. ಬಾಯಿ ತೆರೆದೆ. ಅವಳು ಬೆರಳಿನಿಂದ ಪುಡಿ ಒತ್ತಿದಳು. ಉರಿಯಿತು, ಜೋಮು ಹಿಡಿಯಿತು, ತಲೆ ಗಿರ‍್ರೆಂದಿತು, ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ಸ್ನಾತಕೋತ್ತರ ಪದವಿ ಪಡೆದವಳ ಬಾಯಿಗೆ ಮಿಶ್ರಿ ಹಾಕಿಸಿದ ಕೀರ್ತಿಯೂ ನಿಮ್ಮ ಆಡಳಿತ ಮಂಡಳಿಗೇ ಸಲ್ಲತಕ್ಕದ್ದು. ನಿಮ್ಮ ಮುಂದಿನ ಸನ್ಮಾನಪತ್ರದಲ್ಲಿ ಅದನ್ನು ಸೇರಿಸಿಕೊಳ್ಳಬಹುದು.

ಮರುದಿನ ಕೆನ್ನೆ ಊದಿತ್ತು. ಅಂದು ಖಂಡೇಪೂಜೆ. ಗಾಡಿ, ಕುಡಗೋಲು, ರುಬ್ಬುವ ಯಂತ್ರಗಳಿಗೆಲ್ಲ ಪೂಜೆಯಾಗುವ ದಿನ. ಆಸ್ಪತ್ರೆಗಳೂ ಪೂಜೆಗಾಗಿ ಬಾಗಿಲು ತೆರೆದಿರುತ್ತವೆಂದು ಎಣಿಸಿ, ಓಢಣಿಯಿಂದ ಮುಖ ಮುಚ್ಚಿಕೊಂಡು ಮೂಡಲಗಿಯ ಬಸ್ಸು ಹತ್ತಿದೆ. ಬಸ್ಸಿನ ಮೂತಿಗೂ ಚೆಂಡುಹೂವಿನ ಮಾಲೆ, ಚಾಲಕನ ಮುಂದೆ ಲಿಂಬೆಹಣ್ಣು. ರಸ್ತೆಯ ಪ್ರತಿಯೊಂದು ತಗ್ಗೂ ನನ್ನ ದವಡೆಗೆ ತನ್ನ ಪರಿಚಯ ಹೇಳಿಕೊಂಡಿತು.

ನಿಮ್ಮ ಮೂಡಲಗಿಯ ಕೇಂದ್ರದ ಬಾಗಿಲು ತೆರೆದಿತ್ತು. ಒಳಗೆ ಊದುಬತ್ತಿಯ ಹೊಗೆ. ಅಲ್ಲಿ, ಬಿಳಿಯ ಗೋಡೆಯ ಕೋಣೆಯ ನಟ್ಟನಡುವೆ, ನಾನು ಇಷ್ಟು ದಿನ ಕನಸು ಕಂಡ ಖುರ್ಚಿ. ಕಾರ್ಖಾನೆಯಿಂದ ಹೊದ್ದುಬಂದ ಪ್ಲಾಸ್ಟಿಕ್ ಹಾಳೆಯನ್ನು ಒಂದು ಕಡೆಯೂ ಹರಿದಿರಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆಯೇ ವಿಭೂತಿಯ ಪಟ್ಟೆಗಳು, ಕುಂಕುಮ. ಅದರ ದೀಪದ ಕೊರಳಿಗೆ ಹೂವಿನ ಮಾಲೆ. ರೋಗಿ ತಲೆಯಿಡುವ ಜಾಗದಲ್ಲಿ ಒಡೆದ ತೆಂಗಿನಕಾಯಿಯ ಎರಡು ಹೋಳುಗಳು. ಕಾಲುಚಾಚುವ ಕಡೆ ಯಾರದೋ ಬುತ್ತಿಯ ಚೀಲ.

ಕೇಂದ್ರವನ್ನು ಕಾಯುವ ಸಿಪಾಯಿ ಬಹಳ ಒಳ್ಳೆಯವನು. ನನ್ನ ಕೆನ್ನೆ ನೋಡಿ ಮರುಗಿದ. ಬಾಳೆಹಣ್ಣು, ಚುರುಮುರಿಯ ಪ್ರಸಾದ ತಂದು ಕೈಗಿಟ್ಟ. ಚುರುಮುರಿ ಅಗಿಯಲಾರೆನೆಂದಾಗ, ಹಣ್ಣನ್ನಷ್ಟೇ ಎಡಗಡೆಯಿಂದ ತಿನ್ನಲು ಸಲಹೆ ಕೊಟ್ಟ. ನಿಲ್ಲಲಾರದೆ ನಾನು ಆ ಖುರ್ಚಿಯ ಅಂಚಿಗೆ ಕೈಯೂರಿದೆ.

"ಅಕ್ಕಾರ, ಅದನ್ನ ಮುಟ್ಟಬ್ಯಾಡ್ರಿ. ಹಿರ‍್ಯಾರು ಬಂದು ರಿಬ್ಬನ್ ಕತ್ತರಸೂತನಕಾ ಯಾರೂ ಕುಂದ್ರಂಗಿಲ್ಲ."

"ಪೂಜಿ ಮಾಡೀರಲ್ಲೋ ಕಾಕಾ. ಪೂಜಿ ಆದ್ರ ಉದ್ಘಾಟನಾ ಆದಂಗ ಅಲ್ಲೇನು?"

"ಪೂಜಿ ದೇವ್ರದು. ಉದ್ಘಾಟನಾ ಸಾಹೇಬರದು," ಎಂದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಹಗಲಿಗೂ ರಾತ್ರಿಗೂ ಇರುವ ವ್ಯತ್ಯಾಸವನ್ನು ಹೇಳುವವನಂತೆ ಹೇಳಿದ.

ಸಾಹೇಬರು ಏಕೆ ಬರಲಿಲ್ಲವೆಂಬುದನ್ನೂ ಅವನೇ ವಿವರಿಸಿದ. ಬಾಗಿಲಿನ ಪಕ್ಕದ ಗೋಡೆಗೆ ಒರಗಿಸಿಟ್ಟಿದ್ದ ಕರಿಕಲ್ಲಿನ ಫಲಕವನ್ನು ತೋರಿಸಿದ. ಅದರ ಮೇಲೆ ನಿಮ್ಮೆಲ್ಲರ ಹೆಸರುಗಳಿವೆ. ಕೆತ್ತಿಸಿ ತಂದ ಮೇಲೆ, ನಿಮ್ಮಲ್ಲಿ ಒಬ್ಬರ ಹೆಸರು ಇನ್ನೊಬ್ಬರ ಹೆಸರಿಗಿಂತ ಕೆಳಗೆ ಬಿದ್ದಿದೆಯೆಂದು ತಕರಾರಾಯಿತಂತೆ. ಕಲ್ಲನ್ನು ಮರಳಿ ಕಳಿಸಿ ಬೇರೆ ಕೆತ್ತಿಸಿದರಂತೆ. ಈ ಸಲ ಮೇಲಿದ್ದವರು ಕೆಳಗೆ ಬಂದರು, ಅವರು ಸಭೆಗೆ ಬರುವುದನ್ನು ಬಿಟ್ಟರು. ಈಗ ನಿಂತಿರುವುದು ಎರಡನೆಯ ಕಲ್ಲು, ಮೂರನೆಯದು ಬರಲಿದೆ. ದಿನಾಂಕದ ಜಾಗ ಮಾತ್ರ ಎರಡರಲ್ಲೂ ಖಾಲಿ.

ಹೀಗೆ ಹೆಸರಿನ ಸಾಲು ಮೇಲೆ ಕೆಳಗಾಗುತ್ತಿದ್ದ ಅಷ್ಟೂ ಕಾಲ ನನ್ನ ಹಲ್ಲಿನ ಬೇರು ಕೊಳೆಯುತ್ತಿತ್ತು. ಡಾಕ್ಟರು ಎಲ್ಲಿ ಎಂದು ಕೇಳಿದೆ. ಹುಕ್ಕೇರಿಯಲ್ಲಿ.

ಹಿರಿಯರೇ, ನೀವು ಮೈಕಿನ ಮುಂದೆ ನಿಂತಾಗಲೆಲ್ಲ ಶರಣರ ಹೆಸರಿನಿಂದಲೇ ಮಾತು ಶುರುಮಾಡುತ್ತೀರಿ. ಕಾಯಕ ಎಂಬ ಶಬ್ದ ನಿಮ್ಮ ಬಾಯಲ್ಲಿ ಎಲೆ ಅಡಿಕೆಯಷ್ಟು ಸಲೀಸಾಗಿ ಆಡುತ್ತದೆ. ನಾನೂ ಅದೇ ಪರಂಪರೆಯ ಮನೆಯಲ್ಲಿ ಹುಟ್ಟಿದವಳು. ಕೊರಳಲ್ಲಿ ಲಿಂಗ ಧರಿಸಿದವಳು. ಆ ಕೋಣೆಯಲ್ಲಿ ನಿಂತಾಗ, ನೀವು ಸ್ಥಾವರ ಜಂಗಮಗಳನ್ನು ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದೀರಿ ಎಂದು ಬೆರಗಾಯಿತು. ಕೆಲಸ ಮಾಡಬೇಕಾದ ಖುರ್ಚಿಯನ್ನು ಸ್ಥಾವರ ಮಾಡಿ ಅದಕ್ಕೆ ವಿಭೂತಿ ಬಳಿದಿದ್ದೀರಿ. ಒಂದೆಡೆ ನಿಂತು ಕೆಲಸ ಮಾಡಬೇಕಾದ ವೈದ್ಯರನ್ನು ಜಂಗಮ ಮಾಡಿ ಊರೂರು ಅಲೆಸುತ್ತಿದ್ದೀರಿ. ಕಾಯಕವನ್ನು ಮಾತ್ರ ಇಬ್ಬರಿಗೂ ಬಿಟ್ಟುಕೊಟ್ಟಿಲ್ಲ.

ದಸರೆ ಮುಗಿದ ಮರುದಿನವೇ ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋದೆ. ಅಷ್ಟರಲ್ಲಿ ಬಾಯಿ ಎರಡು ಬೆರಳಿನಷ್ಟೂ ತೆರೆಯದಾಗಿತ್ತು, ಜ್ವರವೂ ಇತ್ತು. ನಿಮ್ಮ ಕೇಂದ್ರದ ಮುಂದೆ ಜನ ಗೋಡೆಯ ನೆರಳು ಸರಿದಂತೆ ತಾವೂ ಸರಿಯುತ್ತ ಕುಳಿತಿದ್ದರು. ನನ್ನ ಪಕ್ಕಕ್ಕೆ ದಡ್ಡಿ ಎಂಬ ಹಳ್ಳಿಯಿಂದ ಬಂದ ಹಿರಿಯ ರೈತರೊಬ್ಬರು. ರುಮಾಲನ್ನು ತಲೆಗೆ ಸುತ್ತುವ ಬದಲು ಗದ್ದಕ್ಕೆ ಬಿಗಿದಿದ್ದರು. ಜೇಬಿನಿಂದ ಬಾಡಿದ ಬನ್ನಿಯ ಎಲೆಗಳನ್ನು ತೆಗೆದು, ಅಪರಿಚಿತಳಾದ ನನ್ನ ಕೈಗೂ ಹಬ್ಬದ ಪದ್ಧತಿಯಂತೆ ಕೊಟ್ಟರು.

"ಬಂಗಾರದಂಗ ಇರೂಣ್ರಿ ತಂಗೀ," ಎಂದರು, ಬಿಗಿದ ಗದ್ದದಿಂದ ಶಬ್ದಗಳನ್ನು ಕಷ್ಟಪಟ್ಟು ಹೊರಡಿಸುತ್ತ. ನಾನೂ ಊದಿದ ಬಾಯಿಂದ ಅದನ್ನೇ ಹೇಳಿದೆ. ಒಬ್ಬರ ಮುಖ ಒಬ್ಬರು ನೋಡಿದೆವು. ಅವರಿಗೆ ನಗು ತಡೆಯಲಾಗಲಿಲ್ಲ. "ನಾ ಬರೂದು ಇದು ಎಷ್ಟನೇ ಸಲಾನೋ. ಬಂಗಾರ ಬ್ಯಾಡ್ರಿ, ಇದ್ದ ಹಲ್ಲ ಇದ್ದಂಗ ಇಟ್ರ ಸಾಕಾಗೇತಿ."

ನಕ್ಕಿದ್ದಕ್ಕೆ ಇಬ್ಬರಿಗೂ ನೋವಾಯಿತು. ಇಬ್ಬರೂ ಕೆನ್ನೆ ಹಿಡಿದುಕೊಂಡೆವು.

ನನ್ನ ಸರದಿ ಬಂದಾಗ ವೈದ್ಯರು ಚಿಕ್ಕ ಕನ್ನಡಿಯನ್ನು ಒಳಗೆ ತೂರಿಸಲು ಹೆಣಗಿದರು. ಗುಳಿಗೆ ಕೊಟ್ಟು ಕಳಿಸಿ, ಬಾವು ಇಳಿದ ಮೇಲೆ ಮತ್ತೆ ಕರೆಸಿ ನೋಡಿದರು. ಹೊಸ ಚಿತ್ರವನ್ನು ಹಳೆಯದರ ಪಕ್ಕ ಹಿಡಿದರು. ಬೇರಿನ ಕೆಳಗೆ ಎಲುಬಿನಲ್ಲಿ ಕರಿಯ ಮಚ್ಚೆ ಹರಡಿರುವುದು ನನಗೇ ಕಾಣುತ್ತಿತ್ತು.

"ಇನ್ನ ತೆಗೀಬೇಕಾಕ್ಕೈತ್ರಿ. ಸ್ವಲ್ಪ ಮೊದಲ ಬಂದಿದ್ರ ಉಳೀತಿತ್ತು."

ರೂಢಿಯ ಮಾತು, ದಿನವೂ ಎಲ್ಲರಿಗೂ ಹೇಳುವಂಥದು. ಬಾಯಿಂದ ಬಿದ್ದ ಮೇಲೆ ಅವರಿಗೇ ಅದು ಕೇಳಿಸಿತು.

"ಮೊದಲ ಬಂದಿದ್ನೆಲ್ರಿ," ಎಂದೆ. "ನಿಮ್ಮ ಕಡೇನ ಬಂದಿದ್ದೆ."

"ಖರೆ ಐತ್ರಿ," ಎಂದು ಅವರು ಚಿತ್ರಗಳನ್ನು ಕೆಳಗಿಟ್ಟರು. ಪ್ಲಾಸ್ಟಿಕ್ ಹರಿದು ಕೆಲಸ ಶುರುಮಾಡಲು ಅನುಮತಿ ಕೊಡಿರೆಂದು ನಿಮ್ಮನ್ನು ಕೇಳಿದ್ದಾಗಿ, ಮುಹೂರ್ತಕ್ಕೆ ಮೊದಲು ಬಳಸಿದರೆ ಸಂಸ್ಥೆಯ ಮರ್ಯಾದೆ ಏನಾದೀತೆಂದು ನಿಮ್ಮಲ್ಲೊಬ್ಬರು ಗದರಿಸಿದ್ದಾಗಿ ಹೇಳಿದರು. ತಲೆ ತಗ್ಗಿಸಿಯೇ ಹೇಳಿದರು. ಅವರ ಬಗೆಗೂ ನನಗೆ ಸಿಟ್ಟಿದೆ. ಓದಿ ವೈದ್ಯರಾದವರೊಬ್ಬರು ಒಂದು ಪ್ಲಾಸ್ಟಿಕ್ ಹಾಳೆ ಹರಿಯಲು ಅಂಜಿದರೆಂಬುದು ಸಣ್ಣ ಮಾತಲ್ಲ. ಆದರೆ ಅಂಜಿಸಿದವರ ಪಾಲು ಅಂಜಿದವರ ಪಾಲಿಗಿಂತ ದೊಡ್ಡದು.

ಹಲ್ಲು ಸುಲಭವಾಗಿ ಬರಲಿಲ್ಲ. ಗಟ್ಟಿಯಾದ ಹಲ್ಲು, ಬಾಳಬೇಕಾಗಿದ್ದ ಹಲ್ಲು. ಹೊರಗೆ ಬಂದಾಗ ದಡ್ಡಿಯ ಆ ಹಿರಿಯರನ್ನು ಹುಡುಕಿದೆ. ಅಂದು ಅವರು ಬಂದಿರಲಿಲ್ಲ, ಅಥವಾ ಬಂದು ಹೋಗಿದ್ದರು.

ಮನೆಗೆ ಬಂದು, ಅರಳೆ ಕಚ್ಚಿಕೊಂಡು ಮಲಗಿದೆ. ಸಂಜೆ ಅವ್ವ ಬಾಯಿ ತೆರೆಸಿ ನೋಡಲಿಲ್ಲ. ಅಡಿಗೆಮನೆಗೆ ಹೋಗಿ ಒಂದು ಬಟ್ಟಲಿನಲ್ಲಿ ರೊಟ್ಟಿಯನ್ನು ಸಣ್ಣಗೆ ಮುರಿದು, ಮೇಲೆ ಸಾರು ಸುರಿದು, ನೆನೆಯುವಷ್ಟು ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದು ನನ್ನ ಮುಂದಿಟ್ಟಳು.

"ನೀನೂ ನಮ್ಮ ಪಂಕ್ತಿಗೆ ಬಂದೆಲ್ಲ," ಎಂದಳು.

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದಿಲ್ಲದಿರುವುದೇ ನನ್ನನ್ನು ಈ ಬರಹಕ್ಕೆ ಕೂರಿಸಿತು. ಮೂರು ತಲೆಮಾರಿನ ಹೆಂಗಸರು ಒಂದೇ ಬಟ್ಟಲಿನಿಂದ ಒಂದೇ ಊಟವನ್ನು, ಇದೇ ಲೋಕದ ರೀತಿಯೆಂಬಂತೆ, ಉಣ್ಣುವುದನ್ನು ನಾನು ಒಪ್ಪುವುದಿಲ್ಲ. ಆಯಿಯ ಕಾಲಕ್ಕೆ ಖುರ್ಚಿಯೇ ಇರಲಿಲ್ಲ. ಅವ್ವನ ಕಾಲಕ್ಕೆ ಹೇಳುವವರಿರಲಿಲ್ಲ. ನನ್ನ ಕಾಲಕ್ಕೆ ಎಲ್ಲವೂ ಇದ್ದು, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ಇಡಲಾಗಿತ್ತು.

ಈ ಸಾಲುಗಳನ್ನು ಬರೆಯುವ ಹೊತ್ತಿಗೂ ಮೂಡಲಗಿಯ ಖುರ್ಚಿಯಲ್ಲಿ ಯಾರೂ ಕುಳಿತಿಲ್ಲ. ಮೂರನೆಯ ಕಲ್ಲು ಬಂದಿದೆಯಂತೆ, ಅದರ ಮೇಲೂ ತಕರಾರಿದೆಯಂತೆ. ಇತ್ತ ಅವ್ವನ ಎಡದವಡೆಯಲ್ಲಿ ಅಗಿಯಲು ಉಳಿದಿರುವ ಒಂದೇ ಹಲ್ಲು ಮೊನ್ನೆಯಿಂದ ತಣ್ಣೀರಿಗೆ ಜುಮ್ಮೆನ್ನುತ್ತಿದೆ. ಅವಳು ಹೇಳಿಕೊಂಡಿಲ್ಲ, ನೀರನ್ನು ಬಿಸಿ ಮಾಡಿ ಕುಡಿಯತೊಡಗಿದ್ದನ್ನು ನೋಡಿ ತಿಳಿದುಕೊಂಡೆ.

ಆದ್ದರಿಂದ ಆಡಳಿತ ಮಂಡಳಿಯ ಮಾನ್ಯ ಸದಸ್ಯರಲ್ಲಿ ನನ್ನ ಕೋರಿಕೆ. ಬಂದು ಇಳಿದ ಖುರ್ಚಿಯನ್ನು ಬಳಸಕೂಡದೆಂದು ನಿಮ್ಮಲ್ಲಿ ಯಾರು, ಯಾವ ಅಧಿಕಾರದಿಂದ ತೀರ್ಮಾನಿಸಿದಿರಿ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು. ಆ ಉತ್ತರವನ್ನು ಮೂರೂ ಕೇಂದ್ರಗಳ ಬಾಗಿಲಿಗೆ, ನಿಮ್ಮ ಗೋಡೆಬರಹದಷ್ಟೇ ದೊಡ್ಡ ಅಕ್ಷರಗಳಲ್ಲಿ ಅಂಟಿಸಬೇಕು. ವೈದ್ಯರು ಯಾವ ದಿನ ಯಾವ ಊರಲ್ಲಿರುತ್ತಾರೆಂಬುದನ್ನು ಅದರ ಕೆಳಗೇ ಬರೆಸಬೇಕು, ಬರೆದದ್ದನ್ನು ಅಳಿಸಕೂಡದು. ಹಾಳಾದ ಎರಡು ಖುರ್ಚಿಗಳನ್ನು ದುರಸ್ತಿ ಮಾಡಿಸಬೇಕು. ಇದೆಲ್ಲಕ್ಕೂ ಮೊದಲು ಆ ಪ್ಲಾಸ್ಟಿಕ್ಕನ್ನು ಹರಿಯಬೇಕು. ಉದ್ಘಾಟನೆ ಇಲ್ಲದೆ ಆಗದು ಎಂದಾದರೆ ಅವ್ವನನ್ನು ನಾನೇ ಕರೆತರುತ್ತೇನೆ. ಅವಳು ಬಾಯಿ ತೆರೆದು ಆ ಖುರ್ಚಿಯಲ್ಲಿ ಒರಗಿದರೆ ಅದಕ್ಕಿಂತ ದೊಡ್ಡ ಉದ್ಘಾಟನೆ ಬೇಕಿಲ್ಲ. ಅವಳ ಹಲ್ಲು ಇನ್ನೂ ಉಳಿಯುವ ಸ್ಥಿತಿಯಲ್ಲಿದೆ. ನಿಮ್ಮ ಉತ್ತರವೂ ಕ್ರಮವೂ ಅದು ಉಳಿದಿರುವಾಗಲೇ ಬರಬೇಕೆಂದು ವಿನಂತಿಸುತ್ತೇನೆ.